ಗುಂಯ್ಯೆನ್ನುವ ಮೋಟರಿನ ಮರೆಯಲ್ಲಿ

ಕೆಲಸ ಮಾಡುವುದಕ್ಕಿಂತ ಕೆಲಸ ಮಾಡುತ್ತಿರುವಂತೆ ತೋರಿಸಿಕೊಳ್ಳುವುದಕ್ಕೆ ಹೆಚ್ಚು ಬುದ್ಧಿ ಬೇಕು ಎಂಬುದು ನನ್ನ ಬಹುಕಾಲದ ಅಭಿಪ್ರಾಯ. ಕಚೇರಿಯಲ್ಲಿ ಫೈಲು ಬಿಚ್ಚಿಟ್ಟುಕೊಂಡು ಕಿಟಕಿಯಾಚೆ ನೋಡುವವರು, ಕಿರಾಣಿ ಅಂಗಡಿಯಲ್ಲಿ ಒರೆಸಿದ ತಕ್ಕಡಿಯನ್ನೇ ಮತ್ತೆ ಒರೆಸುವವರು, ಸೊಪ್ಪು ಸೋಸುವ ನೆಪದಲ್ಲಿ ಮೊರದ ಮುಂದೆ ಅರ್ಧ ಗಂಟೆ ಕೂರುವವರು, ಇವರನ್ನೆಲ್ಲ ಕಂಡರೆ ನನಗೆ ದೂರದ ನೆಂಟರನ್ನು ಕಂಡಷ್ಟು ಪ್ರೀತಿ. ಆದರೆ ಇವರೆಲ್ಲ ನೋಡುವವರ ಕಣ್ಣಿಗೆ ಮಣ್ಣೆರಚುವವರು. ನಾನು ಅವರಿಗಿಂತ ಒಂದು ಮೆಟ್ಟಿಲು ಮೇಲೆ. ಹನ್ನೆರಡು ವರ್ಷ ಕೇಳುವವರ ಕಿವಿಗೆ ಮಣ್ಣೆರಚಿದವನು. ಇದನ್ನು ಇಷ್ಟು ಧೈರ್ಯವಾಗಿ ಹೇಳಿಕೊಳ್ಳುತ್ತಿರುವುದಕ್ಕೆ ಪಶ್ಚಾತ್ತಾಪ ಕಾರಣವೆಂದು ತಿಳಿಯಬೇಡಿ. ಮುಚ್ಚಿಡಲು ಈಗ ಏನೂ ಉಳಿದಿಲ್ಲ, ಅಷ್ಟೇ.

ನನ್ನ ಹೆಸರು ತಿಪ್ಪೇಸ್ವಾಮಿ. ರಾಯದುರ್ಗದಲ್ಲಿ ಬೆಟ್ಟದ ಬದಿಯ ಒಂದು ಓಣಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುತ್ತೇನೆ. ನಮ್ಮ ಓಣಿಯಲ್ಲಿ ಮನೆಗೊಂದು ಪವರ್ ಮಷೀನು. ಬೆಳಿಗ್ಗೆ ಕತ್ತರಿಸಿದ ಬಟ್ಟೆಯ ಬಂಡಲು ಬರುತ್ತದೆ, ಎರಡು ದಿನ ಬಿಟ್ಟು ಪ್ಯಾಂಟಾಗಿ ಹೋಗುತ್ತದೆ. ಮೊದಲು ಬಳ್ಳಾರಿಯಲ್ಲಿ ಕೆಲವು ವರ್ಷ ಇದೇ ಕೆಲಸ ಮಾಡಿ, ಅಲ್ಲಿಂದ ವಾಪಸಾಗುವಾಗ ಒಂದು ಹಳೆಯ ಮಷೀನನ್ನೂ ಬೆನ್ನುನೋವನ್ನೂ ಜೊತೆಗೆ ತಂದೆ. ಆ ಮಷೀನಿಗೆ ಇದ್ದದ್ದು ಕ್ಲಚ್ ಮೋಟರು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸ್ವಿಚ್ ಹಾಕಿದರೆ ಸಾಕು, ಅದು ಗುಂಯ್ ಎಂದು ತಿರುಗಲು ಶುರುಮಾಡುತ್ತದೆ. ನೀವು ಕಾಲೊತ್ತಿದಾಗ ಮಾತ್ರ ಸೂಜಿ ಓಡುತ್ತದೆ, ಆದರೆ ಒತ್ತದಿದ್ದರೂ ಮೋಟರು ನಿಲ್ಲುವುದಿಲ್ಲ. ಹಿಟ್ಟಿನ ಗಿರಣಿಯಲ್ಲಿ ಕಾಳು ಹಾಕುವವರಿಲ್ಲದಿದ್ದರೂ ಕಲ್ಲು ತಿರುಗುತ್ತಿರುತ್ತದಲ್ಲ, ಹಾಗೆ. ಓಣಿಯಲ್ಲಿ ಹೋಗುವವರು ಆ ಗುಂಯ್ ಕೇಳಿ "ತಿಪ್ಪೇಸ್ವಾಮಿ ಭಾಳ ಕಷ್ಟಜೀವಿ ಬಿಡ್ರಿ, ಮೋಟ್ರು ನಿಂತಿದ್ದೇ ಕೇಳಿಲ್ಲ" ಎನ್ನುತ್ತಿದ್ದರು. ನಾನು ಒಳಗೆ ಕುಳಿತು ಆ ಹೊಗಳಿಕೆಯನ್ನು ವಿನಯದಿಂದ ಸ್ವೀಕರಿಸುತ್ತಿದ್ದೆ.

ಒಳಗೆ ನಡೆಯುತ್ತಿದ್ದದ್ದು ಇಷ್ಟು. ಮಧ್ಯಾಹ್ನದ ಮುದ್ದೆ ಹೊಟ್ಟೆಯಲ್ಲಿ ಇಳಿಯುತ್ತಿರುವಾಗ ಒಂದು ಪ್ಯಾಂಟಿನ ಕಾಲು ಹೊಲಿದು ಮುಗಿಸಿರುತ್ತೇನೆ. ಇದರೊಳಗೆ ಯಾರ ಕಾಲು ಬರಬಹುದು ಎಂಬ ಯೋಚನೆ ಬರುತ್ತದೆ. ಅಲ್ಲಿಗೆ ಮುಗಿಯಿತು. ಕೈ ಬಟ್ಟೆಯ ಮೇಲೆಯೇ ಇರುತ್ತದೆ, ಕಣ್ಣು ತೆರೆದೇ ಇರುತ್ತದೆ, ಮೋಟರು ಗುಂಯ್ಯೆನ್ನುತ್ತಿರುತ್ತದೆ, ನಾನು ಮಾತ್ರ ಆ ಪ್ಯಾಂಟಿನ ಹಿಂದೆ ಹೊರಟುಬಿಟ್ಟಿರುತ್ತೇನೆ. ಅದು ಲಾರಿ ಹತ್ತುತ್ತದೆ, ಗೊತ್ತಿಲ್ಲದ ಊರಿನ ಅಂಗಡಿಯಲ್ಲಿ ತೂಗಾಡುತ್ತದೆ, ಯಾರೋ ಒಬ್ಬ ಅದನ್ನು ಹಾಕಿಕೊಂಡು ರೈಲಿನ ಬಾಗಿಲಲ್ಲಿ ನಿಲ್ಲುತ್ತಾನೆ. ಒಮ್ಮೊಮ್ಮೆ ಅವನು ಸಮುದ್ರದ ದಡಕ್ಕೆ ಹೋಗುತ್ತಾನೆ. ನಾನು ಸಮುದ್ರ ನೋಡಿಲ್ಲ. ನೋಡಿರುವ ದೊಡ್ಡ ನೀರೆಂದರೆ ಕಣೇಕಲ್ಲು ಕೆರೆ. ಹಾಗಾಗಿ ನನ್ನ ಸಮುದ್ರಕ್ಕೆ ಒಂದು ಏರಿ ಇರುತ್ತದೆ, ಏರಿಯ ಮೇಲೆ ಶೇರ್ ಆಟೋಗಳು ಓಡಾಡುತ್ತಿರುತ್ತವೆ, ಆಚೆ ಕಡೆ ಭತ್ತದ ಗದ್ದೆ ಹಸಿರಾಗಿರುತ್ತದೆ. ಅವನು ಪ್ಯಾಂಟು ಮೊಳಕಾಲಿಗೆ ಮಡಚಿಕೊಂಡು ನೀರಿಗೆ ಇಳಿಯುತ್ತಾನೆ. ಜೇಬಿನಲ್ಲಿ ಏನಿಟ್ಟುಕೊಂಡಿದ್ದಾನೆ? ಯಾರದೋ ಫೋಟೋವೋ, ಒಂದು ಹಿಡಿ ಹುರಿಗಡಲೆಯೋ? ಇದನ್ನು ತೀರ್ಮಾನಿಸುವುದಕ್ಕೆ ಕೆಲವೊಮ್ಮೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು.

ನನ್ನ ಹೆಂಡತಿ ರತ್ನ ಮಡಕಶಿರಾ ಕಡೆಯವಳು. ಮದುವೆಗೆ ಮುಂಚೆ ಆರು ವರ್ಷ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ದುಡಿದವಳು. ಈಗ ಮನೆಯಲ್ಲಿ ಪ್ಯಾಂಟಿನ ದಾರ ಕತ್ತರಿಸುತ್ತಾಳೆ, ಬಂಡಲು ಕಟ್ಟುತ್ತಾಳೆ, ಅಡುಗೆಮನೆ ನೋಡಿಕೊಳ್ಳುತ್ತಾಳೆ. ಮಷೀನಿದ್ದದ್ದು ಮುಂದಿನ ಕೋಣೆಯಲ್ಲಿ, ಅವಳು ಇರುತ್ತಿದ್ದದ್ದು ಹಿಂದೆ. ನಡುವೆ ಇದ್ದದ್ದು ಒಂದು ಪರದೆ ಮತ್ತು ಆ ಗುಂಯ್. ಇದಕ್ಕಿಂತ ಸುಖವಾದ ಸಂಸಾರ ಇರಲಿಕ್ಕಿಲ್ಲ ಎಂದು ನಾನು ನೆಮ್ಮದಿಯಾಗಿದ್ದೆ.

ಕೇಡು ಬಂದದ್ದು ಓಣಿಯ ಮೂಲೆಯಲ್ಲಿರುವ ಟ್ರಾನ್ಸ್‌ಫಾರ್ಮರಿನಿಂದ. ಅದನ್ನು ಹಾಕಿದ ಕಾಲದಲ್ಲಿ ಓಣಿಯಲ್ಲಿ ಮನೆಗೆ ಎರಡು ಬಲ್ಬು ಇದ್ದವು. ಆಮೇಲೆ ಜೀನ್ಸ್ ಬಂತು, ಮನೆಮನೆಗೂ ಮಷೀನು ಬಂತು. ಬೇಸಿಗೆಯಲ್ಲಿ ಎಲ್ಲರ ಫ್ಯಾನೂ ಮೋಟರೂ ಸೇರಿದರೆ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಅದು ಒಮ್ಮೆ ಠಪ್ ಎಂದು ಸುಮ್ಮನಾಗುತ್ತಿತ್ತು. ಲೈನ್‌ಮನ್ ಸಿಕ್ಕಿ, ಅವರು ಬಂದು ಫ್ಯೂಸು ಹಾಕುವ ಹೊತ್ತಿಗೆ ನಾಲ್ಕಾಗುತ್ತಿತ್ತು. ನನ್ನಂಥವನಿಗೆ ಇದರಿಂದ ದೊಡ್ಡ ನಷ್ಟವೇನೂ ಇರಲಿಲ್ಲ. ಆದರೆ ಓಣಿಯ ಹೆಂಗಸರಿಗೆ ಹೊಲಿಯಲು ಸಿಗುತ್ತಿದ್ದದ್ದೇ ಆ ಎರಡು ಗಂಟೆ. ಬೆಳಿಗ್ಗೆ ಅಡುಗೆ, ನೀರು, ಮಕ್ಕಳು. ಸಂಜೆ ಮತ್ತೆ ಅದೇ. ಮಕ್ಕಳು ಸ್ಕೂಲಿನಿಂದ ಬರುವುದಕ್ಕೂ ಕರೆಂಟು ಬರುವುದಕ್ಕೂ ಸರಿಹೋಗುತ್ತಿತ್ತು.

ಆಗ ಮಹಿಳಾ ಸಂಘದ ಗಿರಿಜಕ್ಕ ಎದ್ದು ನಿಂತಳು. ನಮ್ಮ ಮನೆಯಿಂದ ನಾಲ್ಕನೇ ಮನೆ ಅವಳದು, ಗಟ್ಟಿ ದನಿಯ ಹೆಂಗಸು. ದೊಡ್ಡ ಟ್ರಾನ್ಸ್‌ಫಾರ್ಮರು ಬೇಕೆಂದು ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ, ಬರುವ ಕರೆಂಟನ್ನೇ ಮಿತವಾಗಿ ಬಳಸೋಣ ಎಂಬ ತೀರ್ಮಾನಕ್ಕೆ ಬಂದಿದ್ದಳು. ಮೊದಲು ಮಾಳಿಗೆಗಳಿಗೆಲ್ಲ ಸುಣ್ಣ ಬಳಿಸಿದಳು, ಮನೆ ತಂಪಾಗಿ ಫ್ಯಾನು ಕಡಿಮೆಯಾಗಲೆಂದು. ಒಬ್ಬೊಬ್ಬರೂ ಒಂದೊಂದು ಬಂಡಲು ಏರಿಸಿಕೊಂಡು ಮೊಪೆಡ್ಡಿನಲ್ಲಿ ಪೆಟ್ರೋಲು ಸುಡುವುದು ಬಿಟ್ಟು, ಓಣಿಯ ಬಂಡಲುಗಳೆಲ್ಲ ದಿನಕ್ಕೊಂದು ಸಲ ಒಂದೇ ಆಟೋದಲ್ಲಿ ಹೋಗುವಂತೆ ಮಾಡಿದಳು. ಇಸ್ತ್ರಿಯನ್ನೂ ಒಂದು ಮನೆಯಲ್ಲಿ ಸರದಿಯ ಮೇಲೆ ಮಾಡಬೇಕೆಂದಳು, ಕಾದ ಪೆಟ್ಟಿಗೆ ತಣ್ಣಗಾಗುವ ಮೊದಲೇ ಮುಂದಿನವರು ಬರಬೇಕು. ಇದೆಲ್ಲವನ್ನೂ ನಾನು ಮನಸಾರೆ ಬೆಂಬಲಿಸಿದೆ. ಓಣಿಯಲ್ಲಿ ಮೊದಲು ಸುಣ್ಣ ಬಿದ್ದದ್ದು ನನ್ನ ಮಾಳಿಗೆಗೇ. ಆಮೇಲೊಂದು ದಿನ ಅವಳು ಓಣಿಯ ಗಂಡಸರನ್ನೂ ಕರೆದಿದ್ದ ಸಂಘದ ಮೀಟಿಂಗಿನಲ್ಲಿ, "ಈಗ ಮೋಟ್ರಿನ ವಿಷ್ಯಕ್ಕ ಬರೋಣ್ರಿ" ಎಂದಳು.

ಸರ್ವೋ ಎಂಬ ಹೊಸ ಮೋಟರು ಬಂದಿದೆಯಂತೆ. ಕಾಲೊತ್ತಿದಾಗ ಮಾತ್ರ ತಿರುಗುತ್ತದಂತೆ, ಬಿಟ್ಟರೆ ತೆಪ್ಪಗಿರುತ್ತದಂತೆ. ಕರೆಂಟು ಎಷ್ಟೋ ಪಾಲು ಉಳಿಯುತ್ತದಂತೆ. ಇಡೀ ಓಣಿ ಒಟ್ಟಿಗೆ ತೆಗೆದುಕೊಂಡರೆ ತಂದು ಜೋಡಿಸಿಕೊಡಲು ನಮ್ಮ ಮಷೀನು ಮೆಕ್ಯಾನಿಕ್ ಖಾಜಾಸಾಬರು ಸಿದ್ಧರಿದ್ದಾರಂತೆ. ಎಲ್ಲರೂ ನನ್ನ ಕಡೆ ತಿರುಗಿದರು. ಬಳ್ಳಾರಿ ಕಂಡವನು, ಮೋಟರು ನಿಲ್ಲಿಸದ ಕಷ್ಟಜೀವಿ, ನನ್ನ ಮಾತಿಗೆ ಓಣಿಯಲ್ಲಿ ತೂಕವಿತ್ತು.

"ಅಣ್ಣಾ, ನೀವ್ ಏನಂತೀರಿ?" ಎಂದಳು ಗಿರಿಜಕ್ಕ.

ನಾನು ಗಂಟಲು ಸರಿಮಾಡಿಕೊಂಡೆ. "ಮೋಟ್ರು ಚಲೋ ಇರಬೌದ್ರಿ. ಆದ್ರ ಅದು ಅಂಗಿ, ಲಂಗ ಹೊಲಿಯಾಕ ಮಾಡಿದ್ದು. ಜೀನ್ಸಿನಾಗ ನಾಕು ಮಡಿಕಿ ಒಂದ್ ಕಡಿ ಸೇರೋ ಜಾಗ ಐತಲ್ರಿ, ಅಲ್ಲಿ ಅದಕ್ಕ ದಮ್ ಸಾಲಂಗಿಲ್ಲ. ಸೂಜಿ ಸಿಕ್ಕಂಡ್ರ ಪೀಸು ಹಾಳು. ಸ್ವಲ್ಪ ದಿನ ಕಾದು ನೋಡೋಣ್ರಿ" ಎಂದೆ. ಎಷ್ಟು ಗಂಭೀರವಾಗಿ ಹೇಳಿದೆನೆಂದರೆ ಅರೆಕ್ಷಣ ನನಗೇ ನಂಬಿಕೆ ಬಂತು. ಹೆಂಗಸರ ಸಾಲಿನಲ್ಲಿ ಕುಳಿತಿದ್ದ ರತ್ನ ಸೆರಗು ಬಾಯಿಗೆ ಹಿಡಿದು ಕೆಮ್ಮಿದಳು. ಗಂಡನ ಜ್ಞಾನ ಕಂಡು ಹೆಮ್ಮೆಯಿಂದ ಉಸಿರು ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಅಣ್ಣ ಹೇಳಿದ ಮೇಲೆ ಕಾಯೋಣ ಎಂದು ಓಣಿ ಒಪ್ಪಿತು. ಖಾಜಾಸಾಬರು ತಂದಿದ್ದ ಮೋಟರಿನ ಚಿತ್ರವನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

ಅದಾದ ಮೇಲಿನ ಎರಡು ತಿಂಗಳು ನನಗೆ ಮಷೀನಿನ ಮುಂದೆ ಸರಿಯಾದ ಕನಸೇ ಬೀಳಲಿಲ್ಲ. ಒಂದು ಮಧ್ಯಾಹ್ನ ಎಂದಿನಂತೆ ಟ್ರಾನ್ಸ್‌ಫಾರ್ಮರು ಠಪ್ ಎಂದಿತು. ಸೆಖೆಗೆ ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಗಿರಿಜಕ್ಕನೂ ಅರ್ಧ ಹೊಲಿದ ಪ್ಯಾಂಟನ್ನು ಮಡಿಲಲ್ಲಿಟ್ಟುಕೊಂಡೇ ಬಂದು ಎದುರಿನ ಕಟ್ಟೆಯ ಮೇಲೆ ಕುಳಿತಳು. ಅವಳಿಗೆ ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಸುಸ್ತಾಗಿದ್ದಳು. "ನೋಡ್ರಿ ಅಣ್ಣಾ, ಎಲ್ಲೋ ನೆಲದಾಗಿಂದ ಕಲ್ಲಿದ್ಲು ಅಗದು, ರೈಲಿನಾಗ ತಂದು, ಸುಟ್ಟು, ಅದರ ಶಾಖದಾಗ ಕರೆಂಟ್ ಮಾಡಿ, ಇಷ್ಟ್ ದೂರ ತಂತಿ ಎಳದು ನಮ್ಮನಿಗೆ ಕೊಡ್ತಾರ. ನಾವ್ ಅದನ್ನ ಬರೇ ಗುಂಯ್ ಅನ್ಸಾಕ ಬಳಸ್ತೀವಿ. ಪಾಪ ಅನ್ಸಂಗಿಲ್ಲೇನ್ರಿ?" ಎಂದಳು.

"ನಮ್ ಕಡಿ ಗಾಳಿಯಿಂದ್ಲೂ ಕರೆಂಟ್ ತೆಗೀತಾರಲ್ಲವ್ವ" ಎಂದು ನಾನು ದೂರದ ಗುಡ್ಡದ ಮೇಲಿನ ಗಾಳಿಯಂತ್ರಗಳ ಕಡೆ ಕೈ ತೋರಿಸಿದೆ. ಆ ಹೊತ್ತಿಗೆ ಅವುಗಳ ರೆಕ್ಕೆ ಒಂದೂ ಅಲ್ಲಾಡುತ್ತಿರಲಿಲ್ಲ. ಗಿರಿಜಕ್ಕ ಅವನ್ನೂ ನೋಡಿದಳು, ನನ್ನನ್ನೂ ನೋಡಿದಳು.

ಅಂದಿನಿಂದ ನನ್ನ ಪ್ಯಾಂಟುಗಳು ಸಮುದ್ರಕ್ಕೆ ಹೋಗುವುದನ್ನು ಪೂರ್ತಿ ನಿಲ್ಲಿಸಿದವು. ಮೋಟರು ಗುಂಯ್ಯೆಂದರೆ ಸಾಕು, ಕಣ್ಣ ಮುಂದೆ ಕಲ್ಲಿದ್ದಲಿನ ಗೂಡ್ಸ್ ಗಾಡಿ ಬರುತ್ತಿತ್ತು. ಒಂದರ ಹಿಂದೆ ಒಂದು ಡಬ್ಬಿ, ಕೊನೆಯೇ ಇಲ್ಲ. ಗಾರ್ಡು ಕೆಂಪು ಬಾವುಟ ಹಿಡಿದು ನಮ್ಮ ಓಣಿಯ ಬಾಯಲ್ಲಿ ಗಾಡಿ ನಿಲ್ಲಿಸಿ, "ತಿಪ್ಪೇಸ್ವಾಮಿ ಅಂದ್ರ ಯಾರು? ಮಧ್ಯಾಹ್ನದ ಯೋಚನೆಗೆ ಕಲ್ಲಿದ್ಲು ಬಂದೈತಿ, ಇಳಿಸ್ಕೋರಿ" ಎಂದು ಕೂಗುತ್ತಿದ್ದ. ಒಬ್ಬ ಮನುಷ್ಯ ಸುಮ್ಮನೆ ಕುಳಿತು ಒಬ್ಬ ಅಪರಿಚಿತನ ಜೇಬಿನ ಬಗ್ಗೆ ಯೋಚಿಸುವುದಕ್ಕೆ ಇಷ್ಟೊಂದು ಬೆಟ್ಟ ಕರಗಬೇಕೆ ಎಂದು ನನಗೆ ನಿಜವಾಗಿಯೂ ನಾಚಿಕೆಯಾಯಿತು. ಮಡಿಲಲ್ಲಿ ಅರ್ಧ ಪ್ಯಾಂಟಿಟ್ಟುಕೊಂಡು ಕುಳಿತ ಗಿರಿಜಕ್ಕನ ನೆನಪಾದರೆ ಇನ್ನೂ ಹೆಚ್ಚು. ಕೊನೆಗೆ ನಾನೇ ಖಾಜಾಸಾಬರ ಅಂಗಡಿಗೆ ಹೋಗಿ, "ಒಂದ್ ಮೋಟ್ರು ತಂದು ನನ್ ಮಷೀನಿಗೇ ಜೋಡ್ಸಿ ನೋಡ್ರಿ, ಏನಾಗ್ತೈತೋ ಆಗ್ಲಿ" ಎಂದೆ.

ಅವರು ಬಂದು ಜೋಡಿಸಿದರು. ನಾಲ್ಕು ಮಡಿಕೆ ಸೇರುವ ಜಾಗದಲ್ಲಿ ಬಟ್ಟೆಯಿಟ್ಟು ಕಾಲೊತ್ತಿದೆ. ಸೂಜಿ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದುಹೋಯಿತು. ಇಷ್ಟು ದಿನ ನಾನು ಓಣಿಗೆ ಹೇಳಿದ್ದ ಶಾಸ್ತ್ರವೆಲ್ಲ ಒಂದೇ ಹೊಲಿಗೆಯಲ್ಲಿ ಮುಗಿಯಿತು. ಖಾಜಾಸಾಬರು ಮೆಚ್ಚಿಕೊಂಡು ಹೋದರು. ನಾನು ಒಂದು ಕಾಲು ಹೊಲಿದೆ, ಕೈ ನಿಲ್ಲಿಸಿದೆ, ಅಭ್ಯಾಸಬಲದಿಂದ ಅದರ ಹಿಂದೆ ಹೊರಟೆ. ಲಾರಿ ಇನ್ನೂ ಊರು ದಾಟಿರಲಿಲ್ಲ. ಪರದೆಯ ಹಿಂದಿನಿಂದ ರತ್ನಳ ದನಿ ಬಂತು: "ಏನ್ರೀ, ಏನ್ ಮಾಡ್ತಾ ಇದೀರಾ?"

"ಸೂಜಿಗೆ ದಾರ ಹಾಕ್ತಿದೀನಿ" ಎಂದೆ. ಐದು ನಿಮಿಷ ಬಿಟ್ಟು ಮತ್ತೆ ಹೊರಟೆ. ಮತ್ತೆ, "ಏನ್ರೀ?" ಎಂದಳು. ಅಂದು ನಾನು ಏಳು ಸಲ ಸೂಜಿಗೆ ದಾರ ಹಾಕಿದೆ. ಪ್ಯಾಂಟುಗಳು ಮಾತ್ರ ಎಂದಿಗಿಂತ ಬೇಗ ಮುಗಿದವು, ಮತ್ತು ನನಗೆ ವಿಪರೀತ ಬೇಸರವಾಯಿತು.

ಆದರೂ ಮುಂದಿನ ಮೀಟಿಂಗಿನಲ್ಲಿ ಎದ್ದು ನಿಂತು, "ನಾನು ಹೇಳಿದ್ದು ತಪ್ಪು. ಮೋಟ್ರು ಚಲೋ ಐತಿ, ಎಲ್ಲಾರೂ ಹಾಕಿಸ್ರಿ" ಎಂದೆ. ತಪ್ಪೊಪ್ಪಿಗೆ ಎಂದುಕೊಂಡು ಹೇಳಿದ್ದನ್ನು ಓಣಿ ಬೇರೆಯಾಗಿ ತಿಳಿಯಿತು. ಅಣ್ಣನವರು ತಮ್ಮ ಮಷೀನನ್ನೇ ಪಣಕ್ಕಿಟ್ಟು ಪರೀಕ್ಷೆ ಮಾಡಿ ಆಮೇಲೆ ಮಾತಾಡಿದರು ಎಂದು ಚಪ್ಪಾಳೆ ತಟ್ಟಿದರು. ತಿಂಗಳೊಳಗೆ ಎಲ್ಲರ ಮನೆಯ ಮೋಟರೂ ಬದಲಾಯಿತು. ಬೇಸಿಗೆ ಹಾಗೇ ಇತ್ತು, ಟ್ರಾನ್ಸ್‌ಫಾರ್ಮರು ಹಾಗೇ ಇತ್ತು, ಆದರೆ ಎರಡು ಗಂಟೆಗೆ ಠಪ್ ಎನ್ನುವುದು ನಿಂತಿತು. ಓಣಿ ಎಷ್ಟು ನಿಶ್ಶಬ್ದವಾಯಿತೆಂದರೆ ಮೊದಲ ವಾರ ಎಲ್ಲರೂ ಪಿಸುಮಾತಿನಲ್ಲೇ ಮಾತಾಡುತ್ತಿದ್ದೆವು. ಬೇವಿನ ಮರದಲ್ಲಿ ಇಷ್ಟೊಂದು ಹಕ್ಕಿಗಳಿವೆಯೆಂದು ನನಗೆ ಆಗಲೇ ಗೊತ್ತಾದದ್ದು. ಯಾರದೋ ಮನೆಯ ಟೀವಿಯಲ್ಲಿ ತೆಲುಗು ಸೀರಿಯಲ್ಲಿನ ಅತ್ತೆ ಅಳುವುದು ಓಣಿಯ ತುದಿಯವರೆಗೂ ಕೇಳುತ್ತಿತ್ತು. ಅಲ್ಲೊಂದು ಕಡೆ ಕಟಕಟ ಶುರುವಾಗಿ ನಿಲ್ಲುತ್ತಿತ್ತು, ಇಲ್ಲೊಂದು ಕಡೆ ಶುರುವಾಗುತ್ತಿತ್ತು. ಹೆಂಗಸರು ತಮ್ಮ ಎರಡು ಗಂಟೆಯನ್ನು ನಿಶ್ಚಿಂತೆಯಿಂದ ಹೊಲಿಯುತ್ತಿದ್ದರು. ನನ್ನ ಕನಸು ಹೋದರೂ ಇದು ಸಂತೋಷದ ವಿಷಯವೇ ಎಂದು ನನಗೆ ನಾನೇ ದಿನಾ ಹೇಳಿಕೊಂಡೆ.

ಕೆಲವು ತಿಂಗಳ ಮೇಲೆ ಗಿರಿಜಕ್ಕ ಎಲ್ಲರ ಮನೆಯ ಕರೆಂಟು ಚೀಟಿ ತರಿಸಿಕೊಂಡು ಹಳೆಯದನ್ನೂ ಹೊಸದನ್ನೂ ಹೋಲಿಸಿದಳು. ಅತಿ ಹೆಚ್ಚು ಕರೆಂಟು ಉಳಿಸಿದ ಮನೆಗೆ ಸನ್ಮಾನ ಎಂದು ಮೀಟಿಂಗ್ ಕರೆದಳು. ಶಾಲು, ಹಾರ, ಬಾಳೆಹಣ್ಣು ಎಲ್ಲ ಸಿದ್ಧವಾಗಿದ್ದವು. ಎಲ್ಲರ ಮನೆಯಲ್ಲೂ ಒಂದಿಷ್ಟು ಇಳಿದಿತ್ತು. ನಮ್ಮ ಮನೆಯಲ್ಲಿ ಮಾತ್ರ ಅರ್ಧಕ್ಕರ್ಧ ಇಳಿದಿತ್ತು! "ಇದು ಹ್ಯಾಂಗ್ ಸಾಧ್ಯ ಆಯ್ತು, ಅಣ್ಣಾ ಎರಡು ಮಾತು ಹೇಳ್ಬೇಕು" ಎಂದಳು. ನಾನು ಎದ್ದು, ಮಾಳಿಗೆಯ ಸುಣ್ಣ, ಎಲ್ಲರ ಸಹಕಾರ ಎಂದೇನೋ ತೊದಲಿದೆ. ಖಾಜಾಸಾಬರಿಗೆ ಅದು ಸಮಾಧಾನವಾಗಲಿಲ್ಲ. ಮೆಕ್ಯಾನಿಕ್ಕಾದವರಿಗೆ ಕಾರಣ ಬೇಕು.

"ಸುಣ್ಣ ಎಲ್ಲಾರ ಮನಿಗೂ ಹಚ್ಚೇರಲ್ರಿ" ಎಂದು ಎದ್ದು ನಿಂತರು. "ನಾನ್ ಹೇಳ್ತೀನಿ ಕೇಳ್ರಿ, ಇದು ಭಾಳ ಸುಲಭ ಐತಿ. ಹೊಲಿವಾಗ ಎರಡೂ ಮೋಟ್ರು ಕರೆಂಟ್ ತಿಂತಾವ. ಫರಕ್ ಬರೋದು ಹೊಲೀದೇ ಸುಮ್ನ ಕುಂತಾಗ. ಹಳೇದು ಆವಾಗ್ಲೂ ತಿಂತಿತ್ತು, ಹೊಸಾದು ತಿನ್ನಂಗಿಲ್ಲ. ಅಂದ್ರ, ಯಾರ ಮನ್ಯಾಗ ಭಾಳ ಕಡಿಮಿ ಆಗೈತೋ, ಆ ಮನ್ಯಾಗ ಮೊದ್ಲು ಮೋಟ್ರು ಹಾಕ್ಕೊಂಡು ಭಾಳ ಹೊತ್ತು..."

ಅಲ್ಲಿಗೆ ಅವರಿಗೆ ತಾವು ಎಲ್ಲಿಗೆ ಬಂದೆವೆಂದು ಗೊತ್ತಾಯಿತು. ಬಾಯಿ ಮುಚ್ಚಿಕೊಂಡು ನನ್ನ ಮುಖ ನೋಡಿದರು. ಕುಳಿತಿದ್ದವರೆಲ್ಲ ಹೊಲಿಗೆಯವರೇ. ಉಳಿದ ವಾಕ್ಯವನ್ನು ಒಬ್ಬೊಬ್ಬರೂ ಮನಸ್ಸಿನಲ್ಲೇ ಮುಗಿಸಿಕೊಳ್ಳುವುದು ನನಗೆ ಕಾಣುತ್ತಿತ್ತು. ಮೊದಲು ಹೆಂಗಸರ ಸಾಲಿನ ಹಿಂದಿನಿಂದ ಒಂದು ಕಿಸಕ್ ಕೇಳಿತು, ಆಮೇಲೆ ಇಡೀ ಓಣಿ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಗಿರಿಜಕ್ಕ ಕಣ್ಣೀರು ಒರೆಸಿಕೊಂಡು ಶಾಲು ಬಿಚ್ಚಿದಳು. "ಅಂಗಡ್ಯಾಗ ವಾಪಸ್ ತಗೊಳ್ಳಂಗಿಲ್ಲಂತ್ರಿ ಅಣ್ಣಾ. ಹೊದ್ಕೊಳ್ರಿ, ಮಧ್ಯಾಹ್ನಕ್ಕ ಉಪಯೋಗ ಆಗ್ತೈತಿ" ಎಂದಳು. ಆ ಸೆಖೆಯಲ್ಲಿ ನಾನು ಶಾಲು ಹೊದ್ದು, ಹಾರ ಹಾಕಿಕೊಂಡು, ಬಾಳೆಹಣ್ಣು ಹಿಡಿದು ನಿಂತೆ.

ಮನೆಗೆ ನಡೆದುಕೊಂಡು ಬರುವಾಗ ರತ್ನ ಏನಾದರೂ ಹೇಳಲಿ ಎಂದು ಕಾದೆ. ಕೊನೆಗೆ ನಾನೇ, "ನಿನಗೂ ಬೇಜಾರಾಗಿರಬೇಕು" ಎಂದೆ.

"ನಂಗೆ ಮೊದಲ್ನೇ ವಾರಕ್ಕೇ ಗೊತ್ತಾಗಿತ್ತು ಕಣ್ರೀ" ಎಂದಳು. "ಆರು ವರ್ಸ ಗಾರ್ಮೆಂಟ್ಸಲ್ಲಿ ಇದ್ದೋಳು ನಾನು. ಹೊಲಿಯೋ ಸದ್ದು ಯಾವ್ದು, ಬರೀ ಮೋಟ್ರು ಸದ್ದು ಯಾವ್ದು ಅಂತ ಗೊತ್ತಾಗಕಿಲ್ವಾ?"

ನಾನು ಓಣಿಯ ಮಧ್ಯದಲ್ಲೇ ನಿಂತುಬಿಟ್ಟೆ. "ಮತ್ತೆ ಹನ್ನೆರಡು ವರ್ಷ ಯಾಕೆ ಹೇಳಲಿಲ್ಲ?"

"ಅಲ್ಲಿ ನೀರು ಕುಡಿಯಾಕೆ ಏಳಬೇಕಂದ್ರೂ ಸೂಪರ್‌ವೈಸರ್ ಮುಖ ನೋಡ್ಬೇಕಿತ್ತು. ಕೈ ಒಂದ್ ಗಳಿಗೆ ನಿಂತ್ರೆ ಲೈನೆಲ್ಲಾ ಕೂಗೋದು. ಇಲ್ಲಿ ನಿಮ್ಮ ಮೋಟ್ರು ಸುಮ್ಕೆ ತಿರುಗ್ತಾ ಇರೋದು ಕೇಳಿದ್ರೆ ನಂಗೆ ಒಂಥರಾ ಸಮಾಧಾನ ಆಗೋದು. ನಮ್ಮನೇಲಿ ಒಬ್ರಾದ್ರೂ ಬೇಕಾದಾಗ ಕೈ ನಿಲ್ಲಿಸ್ಬೋದಲ್ಲ ಅಂತ. ಹೊಸ ಮೋಟ್ರು ಬಂದ್ಮೇಲೆ ಸದ್ದೇ ಇಲ್ಲ, ಏನಾಯ್ತೋ ಅಂತ ಹೆದರ್ಕೆ ಆಗಿ ಕೂಗ್ದೆ. ನೀವ್ ನೋಡಿದ್ರೆ ದಾರ ಹಾಕ್ತಿದೀನಿ, ದಾರ ಹಾಕ್ತಿದೀನಿ ಅಂತೀರಾ." ಇಷ್ಟು ಹೇಳಿ ನನ್ನ ಕೈಯಿಂದ ಒಂದು ಬಾಳೆಹಣ್ಣು ತೆಗೆದುಕೊಂಡು ಸುಲಿದಳು. ಇಡೀ ಓಣಿ ನಕ್ಕಾಗ ಆಗದ ನಾಚಿಕೆ ಆಗ ಆಯಿತು. ಹನ್ನೆರಡು ವರ್ಷ ಅವಳನ್ನು ವಂಚಿಸುತ್ತಿದ್ದೇನೆ ಎಂದುಕೊಂಡಿದ್ದೆ. ಅಷ್ಟೂ ವರ್ಷ ಅವಳು ನನ್ನ ಆ ಸುಮ್ಮನಿರುವಿಕೆಗೆ ಪರದೆಯ ಆಚೆ ಕಾವಲು ಕುಳಿತಿದ್ದಳು. ಅವಳ ಕೈ ನಿಂತದ್ದನ್ನು ನಾನು ಯಾವತ್ತಾದರೂ ನೋಡಿದ್ದೇನೆಯೇ ಎಂದು ನೆನಪಿಸಿಕೊಂಡೆ. ನೆನಪಾಗಲಿಲ್ಲ.

ಮರುದಿನ ಊಟವಾದ ಮೇಲೆ, "ಇವತ್ತು ನೀನು ಮಷೀನಿಗೆ ಕೂತು ನೋಡು, ಸದ್ದಿಲ್ಲದ ಮೋಟರು. ಚಹಾ ನಾನು ಇಡುತ್ತೇನೆ" ಎಂದೆ. ಬೆಂಗಳೂರು ಬಿಟ್ಟ ಮೇಲೆ ಅವಳು ಮಷೀನಿಗೆ ಕೂತದ್ದಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಕುಳಿತಳು. ನಾನು ಒಳಗೆ ಗ್ಯಾಸು ಹಚ್ಚಿ ಪಾತ್ರೆಗೆ ನೀರು, ಸಕ್ಕರೆ ಹಾಕಿ ಇಟ್ಟೆ. ಮುಂದಿನ ಕೋಣೆಯಿಂದ ಕಟಕಟ ಕೇಳಿತು, ನನ್ನದಕ್ಕಿಂತ ಚುರುಕಾದ ಹೊಲಿಗೆ. ಆಮೇಲೆ ನಿಂತಿತು. ಮತ್ತೆ ಶುರುವಾಗಲಿಲ್ಲ.

"ಏನ್ ಮಾಡ್ತಾ ಇದೀಯಾ?" ಎಂದು ಕೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡೆ. ಪರದೆಯ ಸಂದಿಯಿಂದ ನೋಡಿದರೆ ಅವಳ ಕೈ ಬಟ್ಟೆಯ ಮೇಲಿತ್ತು, ಕಣ್ಣು ತೆರೆದಿತ್ತು, ಅವಳು ಅಲ್ಲಿರಲಿಲ್ಲ. ಎಲ್ಲಿಗೆ ಹೋಗಿರಬಹುದು? ಮಡಕಶಿರಾದ ಹಿಪ್ಪುನೇರಳೆ ತೋಟಕ್ಕೆ, ಎಳೆ ಎಲೆ ಕೊಯ್ದ ಬುಟ್ಟಿ ತಲೆಯ ಮೇಲೆ ಹೊತ್ತು ಬೆಳಗಿನ ಬಿಸಿಲಲ್ಲಿ ನಡೆಯುತ್ತಿರಬಹುದೇ? ಬೆಂಗಳೂರಿನಲ್ಲಿ ಸಂಜೆ ಗೇಟು ದಾಟಿ, ಗೆಳತಿಯರ ಕೈ ಹಿಡಿದುಕೊಂಡು ರಸ್ತೆ ದಾಟುತ್ತಿರಬಹುದೇ? ಆ ಗೆಳತಿಯರ ಹೆಸರೇನು? ನಾನು ಯಾವತ್ತೂ ಕೇಳಲಿಲ್ಲವಲ್ಲ. ರಸ್ತೆಯಾಚೆ ಕಡಲೆಕಾಯಿ ಹುರಿಯುವವನು ಇದ್ದನೇ? ಅವಳು ಕೊಂಡಳೇ? ನಾನೂ ಸ್ವಲ್ಪ ದೂರ ಬಿಟ್ಟು ಅವಳ ಹಿಂದೆಯೇ ನಡೆದೆ. ಸಂಜೆಯ ಗಾಳಿ ಹಿತವಾಗಿತ್ತು, ಹುರಿದ ಕಾಯಿಯ ವಾಸನೆ ಬರುತ್ತಿತ್ತು, ಬರಬರುತ್ತಾ ಅದು ಸ್ವಲ್ಪ ಹೆಚ್ಚೇ ಸುಟ್ಟ ವಾಸನೆಯಾಯಿತು.

"ಏನ್ರೀ ಅದು?" ಎಂದಳು ರತ್ನ ಆಚೆಯಿಂದ.

ಪಾತ್ರೆಯಲ್ಲಿ ಒಂದು ತೊಟ್ಟು ನೀರಿರಲಿಲ್ಲ. ತಳ ಕಪ್ಪಗಾಗಿತ್ತು, ಅದರ ಕೆಳಗೆ ನೀಲಿ ಉರಿ ದೊಡ್ಡದಾಗಿ ಉರಿಯುತ್ತಿತ್ತು. ಓಣಿಗೆಲ್ಲ ಹೆಚ್ಚು ಉಳಿತಾಯ ಮಾಡಿದ ಸನ್ಮಾನಿತನಾದ ನಾನು ಬೇಗ ಬೇಗ ಗ್ಯಾಸು ಆರಿಸಿ, "ಏನಿಲ್ಲ, ಟೀಪುಡಿ ಹುಡುಕ್ತಿದೀನಿ" ಎಂದೆ. ಮುಂದಿನ ತಿಂಗಳು ಗಿರಿಜಕ್ಕ ಯಾರ ಮನೆಯಲ್ಲಿ ಸಿಲಿಂಡರು ಎಷ್ಟು ದಿನ ಬರುತ್ತದೆಂದು ನೋಡುತ್ತಾಳಂತೆ. ಆ ಮೀಟಿಂಗಿಗೆ ನಾನು ಹೋಗುವುದಿಲ್ಲ.